ಗುಹೆ ಬಿಟ್ಟು ಬಂದ ಸನ್ಯಾಸಿ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಆ ಹೆಸರಿಗೆ ಕಾರಣವಾದ ನಾಟಕವನ್ನು ಓದಿದವರು ಮಾತ್ರ ಕಡಿಮೆ. 1883ರಲ್ಲಿ, 22ರ ಹರೆಯದಲ್ಲಿ, ರವೀಂದ್ರರು ಅಲ್ಲಿಗೆ ಬಂದದ್ದು ಅಣ್ಣ ಸತ್ಯೇಂದ್ರನಾಥರ ಮನೆಗೆ. ಐಸಿಎಸ್ ಪಾಸು ಮಾಡಿದ ಮೊದಲ ಭಾರತೀಯರಾದ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ನ್ಯಾಯಾಧೀಶರು. ಗಾಳಿಮರಗಳ ಸಾಲು, ಮರಳ ದಂಡೆ, ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ ಹೊಳೆಯ ಹರಿವಿನೊಂದಿಗೇ ತೇಲಿಕೊಂಡು ಮರಳಿದ್ದು, ಇವೆಲ್ಲ ಅವರ ‘ಜೀವನಸ್ಮೃತಿ’ಯಲ್ಲಿ ಬರುತ್ತವೆ. ಅಲ್ಲಿ ಬರೆದ ನಾಟಕದ ಹೆಸರು ‘ಪ್ರಕೃತಿರ್ ಪ್ರತಿಶೋಧ್’, ಅಂದರೆ ಪ್ರಕೃತಿ ತೀರಿಸಿಕೊಂಡ ಸೇಡು. ಒಬ್ಬ ಸನ್ಯಾಸಿ ವರ್ಷಗಟ್ಟಲೆ ಗುಹೆಯಲ್ಲಿ ಕುಳಿತು, ಪ್ರಕೃತಿಯನ್ನು ಗೆದ್ದೆನೆಂಬ ಹೆಮ್ಮೆಯಿಂದ ಹೊರಗೆ ಬರುತ್ತಾನೆ. ಊರವರು ಮೈಲಿಗೆಯೆಂದು ದೂರವಿಟ್ಟ ಅನಾಥ ಹುಡುಗಿಯೊಬ್ಬಳು ಅವನ ಆಸರೆ ಬೇಡುತ್ತಾಳೆ. ಮಡಿ ಮೈಲಿಗೆ ಎರಡೂ ಇಲ್ಲದ ತನಗೇನು ಎಂದು ಅವನು ಒಪ್ಪುತ್ತಾನೆ. ಕ್ರಮೇಣ ಆ ಮಗುವಿನ ಮೇಲೆ ಅಕ್ಕರೆ ಹುಟ್ಟುತ್ತದೆ. ಅಕ್ಕರೆ ಹುಟ್ಟಿದ್ದೇ ಹೆದರಿಕೆಯಾಗಿ ಅವಳನ್ನು ಬಿಟ್ಟು ಓಡುತ್ತಾನೆ. ಕೊನೆಗೆ ದಂಡ ಕಮಂಡಲು ಬಿಸಾಡಿ ಅವಳಿಗಾಗಿ ಮರಳುವ ಹೊತ್ತಿಗೆ ಹುಡುಗಿ ಸತ್ತಿರುತ್ತಾಳೆ.

ನಾಟಕವಾಗಿ ಇದು ಎಳಸು. ಸನ್ಯಾಸಿಯ ಸ್ವಗತಗಳು ಉದ್ದ, ಸಂತೆಗೆ ಹೋಗುವವರ ಮಾತುಗಳೇ ಅದಕ್ಕಿಂತ ಜೀವಂತ. ಆದರೂ 50ರ ಆಸುಪಾಸಿನಲ್ಲಿ ಹಿಂತಿರುಗಿ ನೋಡಿದ ರವೀಂದ್ರರು, ತಾನು ಮುಂದೆ ಬರೆದ ಎಲ್ಲಕ್ಕೂ ಇದನ್ನು ಮುನ್ನುಡಿಯೆಂದು ತಿಳಿಯಬಹುದು ಎಂಬರ್ಥದ ಮಾತು ಬರೆದರು. ಸೀಮೆಯ ಒಳಗೇ ಅಸೀಮವನ್ನು ಕಾಣುವ ಸಂತೋಷವೇ ತನ್ನ ಏಕೈಕ ವಿಷಯ ಎಂಬುದು ಅವರ ತಿಳಿವಳಿಕೆ. ಲೇಖಕರು ತಮ್ಮ ಬಗ್ಗೆ ಹೇಳಿಕೊಳ್ಳುವುದನ್ನು ಪೂರ್ತಿ ನಂಬಬೇಕಾಗಿಲ್ಲ. ಇಲ್ಲಿ ಮಾತ್ರ ಕೃತಿಗಳೇ ಸಾಕ್ಷಿಗೆ ನಿಲ್ಲುತ್ತವೆ, ಅದೂ ಅವರು ಹೇಳಿದ್ದಕ್ಕಿಂತ ಕಟುವಾಗಿ. ನಮ್ಮಲ್ಲಿ ರವೀಂದ್ರರನ್ನು ಎರಡು ಕಪಾಟಿನಲ್ಲಿ ಇಡುವ ರೂಢಿಯಿದೆ. ‘ಗೀತಾಂಜಲಿ’, ‘ಸಾಧನಾ’, ‘ದಿ ರಿಲಿಜನ್ ಆಫ್ ಮ್ಯಾನ್’ ಇವು ಅಧ್ಯಾತ್ಮ. ‘ಗೋರಾ’, ‘ಚತುರಂಗ’, ‘ವಿಸರ್ಜನ’ ಇವು ಸಾಹಿತ್ಯ. ನನಗೆ ಕಾಣುವುದು ಇದರ ತಿರುವುಮುರುವು. ಅವರ ಗಟ್ಟಿಯಾದ ಅಧ್ಯಾತ್ಮ ಚಿಂತನೆ ನಡೆದಿರುವುದು ಕಥೆ ನಾಟಕಗಳಲ್ಲಿ. ಅಧ್ಯಾತ್ಮವೆಂದೇ ಹೆಸರಾದ ಗದ್ಯದಲ್ಲಿ ಅದು ತೆಳುವಾಗಿದೆ. ಗದ್ಯದಲ್ಲಿ ಅವರ ನಂಬಿಕೆಗೆ ಎದುರಾಳಿಯೇ ಇಲ್ಲ. ಕಥೆಯಲ್ಲಿ ಯಾರಾದರೂ ಅದಕ್ಕೆ ಬೆಲೆ ತೆರುತ್ತಾರೆ.

ಈ ಎರಡು ಕಪಾಟು ಹುಟ್ಟಿದ್ದು ಹೇಗೆ ಎಂಬುದಕ್ಕೆ ಒಂದು ಇತಿಹಾಸವಿದೆ. ಬಂಗಾಳಿ ‘ಗೀತಾಂಜಲಿ’ 1910ರದು, ಅದರಲ್ಲಿ 157 ಹಾಡುಗಳು. ಲಂಡನ್ನಿನ ಇಂಡಿಯಾ ಸೊಸೈಟಿ 1912ರಲ್ಲಿ 750 ಪ್ರತಿ ಅಚ್ಚು ಹಾಕಿದ ಇಂಗ್ಲಿಷ್ ‘ಗೀತಾಂಜಲಿ’ಯೇ ಬೇರೆ. ಅದರ 103 ಗದ್ಯಪದ್ಯಗಳಲ್ಲಿ 53 ಮಾತ್ರ ಬಂಗಾಳಿ ‘ಗೀತಾಂಜಲಿ’ಯವು, ಉಳಿದವು ‘ನೈವೇದ್ಯ’, ‘ಖೇಯಾ’, ‘ಗೀತಿಮಾಲ್ಯ’ ಮುಂತಾದ ಬೇರೆ ಸಂಕಲನಗಳಿಂದ ಆಯ್ದವು. ಈ ಅನುವಾದಗಳಲ್ಲಿ ಬಹುಪಾಲು, ಕಾಯಿಲೆಯಿಂದ ಇಂಗ್ಲೆಂಡಿನ ಹಡಗು ಪ್ರಯಾಣ ಮುಂದೆ ಹೋದಾಗ ಪದ್ಮಾ ನದಿಯ ದಡದ ಶಿಲಾಯಿದಹದಲ್ಲಿ ವಿಶ್ರಾಂತಿಗೆಂದು ಕುಳಿತು ಕವಿ ತಾವೇ ಮಾಡಿದವು. ಛಂದಸ್ಸು ಹೋಯಿತು, ಪ್ರಾಸ ಹೋಯಿತು, ಎಲ್ಲಕ್ಕಿಂತ ಮುಖ್ಯವಾಗಿ ರಾಗ ಹೋಯಿತು. ಉಳಿದದ್ದು ಬೈಬಲ್ಲಿನ ಇಂಗ್ಲಿಷನ್ನು ನೆನಪಿಸುವ ಮೆಲುದನಿಯ ಗದ್ಯ. ಐರಿಷ್ ಕವಿ ಯೇಟ್ಸ್ ಭಾವಪರವಶರಾಗಿ ಮುನ್ನುಡಿ ಬರೆದರು. 1913ರ ನವೆಂಬರಿನಲ್ಲಿ ನೊಬೆಲ್ ಬಂತು. ಉದ್ದ ಗಡ್ಡ, ನೀಳ ನಿಲುವಂಗಿಯ ಪೂರ್ವದೇಶದ ಋಷಿಯೊಬ್ಬ ಯುರೋಪಿಗೆ ಸಿಕ್ಕಿದ. ಅದೇ ಯೇಟ್ಸ್ 1935ರ ಹೊತ್ತಿಗೆ ಈ ಇಂಗ್ಲಿಷ್ ಅನುವಾದಗಳ ಬಗ್ಗೆ ಪತ್ರವೊಂದರಲ್ಲಿ ಸಿಡಿಮಿಡಿಗೊಂಡರು. ಅಷ್ಟರಲ್ಲಿ ಋಷಿಯ ಚಿತ್ರ ಭಾರತದ ಮನೆಗೋಡೆಗಳಿಗೂ ಬಂದು ನೇತಾಡತೊಡಗಿತ್ತು. ವಿಚಿತ್ರವೆಂದರೆ, ಆ ಇಂಗ್ಲಿಷ್ ಪುಸ್ತಕದಲ್ಲೇ, ವೈರಾಗ್ಯದ ದಾರಿಯ ಮುಕ್ತಿ ತನಗೆ ಬೇಡವೆನ್ನುವ ‘ನೈವೇದ್ಯ’ದ ಕವಿತೆಯಿದೆ. ಬಾಗಿಲು ಮುಚ್ಚಿದ ಗುಡಿಯ ಮೂಲೆಯಲ್ಲಿ ದೇವರಿಲ್ಲ, ಗಟ್ಟಿನೆಲ ಉಳುವವನ, ಕಲ್ಲು ಒಡೆಯುವವನ ಜೊತೆ ಮೈಗೆ ಧೂಳು ಮೆತ್ತಿಕೊಂಡು ನಿಂತಿದ್ದಾನೆ ಎನ್ನುವ ಇನ್ನೊಂದೂ ಇದೆ. ಓದಿದವರು ಅದನ್ನೂ ಧ್ಯಾನದ ಪಾಠವೆಂದೇ ಓದಿದರು.

ಗದ್ಯದ ಕಡೆಗೆ ಬರೋಣ. ರವೀಂದ್ರರ ತಂದೆ ಮಹರ್ಷಿ ದೇವೇಂದ್ರನಾಥರ ಬದುಕು ತಿರುಗಿದ್ದು ಗಾಳಿಗೆ ಹಾರಿಬಂದ ಒಂದು ಹಾಳೆಯಿಂದ. ಅದರಲ್ಲಿದ್ದದ್ದು ಈಶೋಪನಿಷತ್ತಿನ ಮೊದಲ ಮಂತ್ರ, ತ್ಯಾಗವನ್ನೂ ಭೋಗವನ್ನೂ ಒಂದೇ ಉಸಿರಿನಲ್ಲಿ ಹೇಳುವಂಥದ್ದು. ಆ ಹಾಳೆಯಿಂದ ಬ್ರಾಹ್ಮ ಸಮಾಜದ ಹೊಸ ರೂಪ ಬೆಳೆಯಿತು, ಮಗನಿಗೆ ಉಪನಿಷತ್ತು ಮನೆಮಾತಾಯಿತು. ಶಾಂತಿನಿಕೇತನದ ಮಂದಿರದಲ್ಲಿ 1908ರ ಕೊನೆಯಿಂದ ಅವರು ಆಡಿದ ಮಾತುಗಳು, ಹಾರ್ವರ್ಡ್‌ನಲ್ಲಿ ಮಾಡಿದ ಭಾಷಣಗಳು ಸೇರಿದ 1913ರ ‘ಸಾಧನಾ’, 1930ರ ಆಕ್ಸ್‌ಫರ್ಡ್ ಉಪನ್ಯಾಸಗಳಿಂದ ರೂಪುಗೊಂಡ ‘ದಿ ರಿಲಿಜನ್ ಆಫ್ ಮ್ಯಾನ್’, ಎಲ್ಲದರ ಬೇರೂ ಅಲ್ಲಿದೆ. ಇವುಗಳಲ್ಲಿ ಸುಂದರವಾದ ಪುಟಗಳಿಲ್ಲವೆಂದಲ್ಲ. ಕೊನೆಯ ಪುಸ್ತಕ ಬಾವುಲರನ್ನು ಆಕ್ಸ್‌ಫರ್ಡಿಗೆ ಕರೆದೊಯ್ದದ್ದೇ ಒಂದು ಸಾಹಸ. ಗುಡಿ, ಮಸೀದಿ, ಶಾಸ್ತ್ರ ಯಾವುದೂ ಬೇಡವೆಂದು ಏಕತಾರಿ ಹಿಡಿದು ‘ಮನದ ಮನುಷ್ಯ’ನನ್ನು ಹುಡುಕುತ್ತ ಅಲೆಯುವ ಹಾಡುಗಾರರಲ್ಲಿ ರವೀಂದ್ರರು ತಮ್ಮ ಧರ್ಮದ ಹೆಸರನ್ನು ಕಂಡುಕೊಂಡರು. ಆದರೆ ‘ಸಾಧನಾ’ವನ್ನು ಒಂದೇ ಪಟ್ಟಿನಲ್ಲಿ ಓದಿದರೆ ಒಂದು ತೊಡಕು ಗೋಚರಿಸುತ್ತದೆ. ಕೇಡಿನ ಸಮಸ್ಯೆಗೆ ಅಲ್ಲಿ ಒಂದು ಅಧ್ಯಾಯವೇ ಇದೆ, ಅಧ್ಯಾಯ ಮುಗಿಯುವುದರೊಳಗೆ ಕೇಡು ಕರಗಿ ಹೋಗಿರುತ್ತದೆ. ನದಿಗೆ ದಂಡೆಯ ತಡೆಯಿದ್ದ ಹಾಗೆ ಕೇಡು ಎನ್ನುವಂಥ ಉಪಮೆಗಳು ಎಷ್ಟು ಸಲೀಸಾಗಿ ಹರಿಯುತ್ತವೆಂದರೆ, ಮುಳುಗಿದವನ ಹೆಸರನ್ನು ಕೇಳುವ ಅವಕಾಶವೇ ಇರುವುದಿಲ್ಲ.

ಆ ಹೆಸರನ್ನು ಕೇಳುವುದು ನಾಟಕ, ಕಾದಂಬರಿಗಳು. 1890ರ ‘ವಿಸರ್ಜನ’ದಲ್ಲಿ ಪ್ರಶ್ನೆ ಕೇಳುವವಳು ಅಪರ್ಣಾ ಎಂಬ ಭಿಕಾರಿ ಹುಡುಗಿ. ಅವಳು ಸಾಕಿದ ಮೇಕೆಯನ್ನು ತ್ರಿಪುರದ ಕಾಳಿ ಗುಡಿಯಲ್ಲಿ ಬಲಿ ಕೊಟ್ಟಿದ್ದಾರೆ. ರಾಜ ಬಲಿಯನ್ನೇ ನಿಲ್ಲಿಸುತ್ತಾನೆ, ಅರ್ಚಕ ರಘುಪತಿ ರಾಜನ ರಕ್ತವನ್ನೇ ದೇವಿಗೆ ಅರ್ಪಿಸಲು ಸಂಚು ಹೂಡುತ್ತಾನೆ, ಅವನು ಮಗನಂತೆ ಸಾಕಿದ ಜಯಸಿಂಹ ತನ್ನನ್ನೇ ಕೊಂದುಕೊಳ್ಳುತ್ತಾನೆ. ಮೇಕೆಯ ಸಾವಿಗೆ ಕರಗದ ಅರ್ಚಕ ಸಾಕುಮಗನ ಹೆಣ ಕಂಡು ದೇವಿಯ ವಿಗ್ರಹವನ್ನು ಗೋಮತಿ ನದಿಗೆ ಎಸೆಯುತ್ತಾನೆ. ‘ಗೋರಾ’ದಲ್ಲೂ ಹೀಗೇ. ಕಾದಂಬರಿಯನ್ನು ನೆನೆಯುವವರೆಲ್ಲ ಕೊನೆಯ ರಹಸ್ಯವನ್ನೇ ನೆನೆಯುತ್ತಾರೆ: ಕಟ್ಟಾ ಹಿಂದೂ ಗೋರಾ 1857ರ ದಂಗೆಯ ಕಾಲದಲ್ಲಿ ಹುಟ್ಟಿದ ಐರಿಷ್ ಕೂಸು ಎಂಬುದು. ನಿಜವಾದ ತಿರುವು ಅದಕ್ಕೂ ಬಹಳ ಮುಂಚೆ, ನೀಲಿ ಬೆಳೆಯುವ ಒಂದು ಹಳ್ಳಿಯಲ್ಲಿ ನಡೆದುಹೋಗಿದೆ. ಬಾಯಾರಿ ಬಳಲಿದ ಗೋರಾನಿಗೆ ಆ ಊರಲ್ಲಿ ಸಿಗುವ ಒಂದೇ ಹಿಂದೂ ಮನೆ ಕ್ಷೌರಿಕನದು. ಅವನೋ ಜೈಲು ಪಾಲಾದ ಮುಸ್ಲಿಂ ರೈತನ ಮಗನನ್ನು ಮನೆಗೆ ತಂದು ಸಾಕುತ್ತಿದ್ದಾನೆ. ಮಡಿ ಉಳಿಸಿಕೊಳ್ಳಬೇಕಾದರೆ ದೂರದ ಬ್ರಾಹ್ಮಣ ತಹಸೀಲುದಾರನ ಮನೆಗೆ ಹೋಗಬೇಕು, ಆ ತಹಸೀಲುದಾರ ರೈತರನ್ನು ಹಿಂಡುವವ. ಸುಡುಬಿಸಿಲಲ್ಲಿ ಅಲ್ಲಿಗೆ ಹೊರಟ ಗೋರಾ, ಆ ಅನ್ನ ಗಂಟಲಲ್ಲಿ ಇಳಿಯದೆಂದು ತಿಳಿದು ಕ್ಷೌರಿಕನ ಮನೆಗೇ ಮರಳುತ್ತಾನೆ. ಒಂದು ಲೋಟ ನೀರಿನ ವಿಷಯದಲ್ಲಿ ಧರ್ಮ ಯಾವುದು ಎಂಬ ಪ್ರಶ್ನೆಗೆ ‘ಸಾಧನಾ’ದ ಎಂಟು ಅಧ್ಯಾಯಗಳಲ್ಲಿ ಜಾಗ ಸಿಕ್ಕಿಲ್ಲ.

ಈ ವಾದಕ್ಕೆ ಬಲವಾದ ಆಧಾರ 1916ರಲ್ಲಿ ಪುಸ್ತಕವಾದ ‘ಚತುರಂಗ’. ಕಿರುಕಾದಂಬರಿ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಜಗಮೋಹನ ಕಟ್ಟಾ ನಾಸ್ತಿಕ. ಕಲಕತ್ತೆಗೆ ಪ್ಲೇಗು ಬಂದಾಗ ನೆರೆಯ ಚಮ್ಮಾರರಿಗೂ ಮುಸ್ಲಿಮರಿಗೂ ತನ್ನ ಮನೆಯನ್ನೇ ಆಸ್ಪತ್ರೆ ಮಾಡುತ್ತಾನೆ. ಅಲ್ಲಿನ ಮೊದಲ ರೋಗಿ ಒಬ್ಬ ಮುಸ್ಲಿಮ, ಎರಡನೆಯವನು ಜಗಮೋಹನನೇ. ಇಬ್ಬರೂ ಬದುಕುವುದಿಲ್ಲ. ಅವನ ನೆರಳಲ್ಲಿ ಬೆಳೆದ ತಮ್ಮನ ಮಗ ಶಚೀಶ ದಿಕ್ಕೆಟ್ಟು, ಎರಡು ವರ್ಷ ಕಾಣೆಯಾಗಿ, ಲೀಲಾನಂದ ಸ್ವಾಮಿಯ ಕೀರ್ತನ ಮಂಡಳಿಯಲ್ಲಿ ಕುಣಿಯುತ್ತ ಪತ್ತೆಯಾಗುತ್ತಾನೆ. ನಾಸ್ತಿಕನಿಂದ ಭಕ್ತನತ್ತ, ಹಳೆಯ ಸಂತರ ಕಥೆಗಳಾದರೆ ಇಲ್ಲಿಗೆ ಮಂಗಳ. ರವೀಂದ್ರರ ಕಥೆ ಇಲ್ಲಿಂದ ಶುರುವಾಗುತ್ತದೆ. ಸ್ವಾಮಿಯ ಮಂಡಳಿಯಲ್ಲಿ ದಾಮಿನಿ ಎಂಬ ಎಳೆಯ ವಿಧವೆಯಿದ್ದಾಳೆ. ಸಾಯುವಾಗ ಗಂಡ ಮನೆ ಆಸ್ತಿಯ ಜೊತೆ ಹೆಂಡತಿಯನ್ನೂ ಗುರುವಿನ ವಶಕ್ಕೆ ಬರೆದುಕೊಟ್ಟು ಹೋಗಿದ್ದಾನೆ. ಅವಳಿಗೆ ಕೀರ್ತನೆ ಬೇಡ, ಗುರುವಿನ ಪಾದತೀರ್ಥ ಬೇಡ. ಮಂಡಳಿಯ ಭಕ್ತನೊಬ್ಬನ ಹೆಂಡತಿ, ಗಂಡನ ಒಲವು ತನ್ನ ತಂಗಿಯ ಮೇಲೆ ಹೊರಳಿದ್ದಕ್ಕೆ ವಿಷ ಕುಡಿದು ಸತ್ತಾಗ, ಹಗಲೂ ರಾತ್ರಿ ನೀವು ಮುಳುಗಿರುವ ಈ ರಸದಿಂದ ಯಾರನ್ನು ಉಳಿಸಿದಿರಿ ಎಂದು ದಾಮಿನಿ ಶಚೀಶನನ್ನು ಕೇಳುತ್ತಾಳೆ. ಭಕ್ತಿಪಂಥಗಳ ಮೇಲೆ ಇಡೀ ಗ್ರಂಥ ಬರೆದರೂ ಇಷ್ಟು ನೇರವಾದ ಪ್ರಶ್ನೆ ಎತ್ತಲಾಗುತ್ತಿರಲಿಲ್ಲ.

ಮತ್ತೆ ಅಲ್ಲೊಂದು ಗುಹೆ ಬರುತ್ತದೆ. ಕಾರವಾರದ ನಾಟಕ ಬರೆದು 30 ವರ್ಷ ಕಳೆದಿದೆ. ಯಾತ್ರೆಯಲ್ಲಿರುವ ಮಂಡಳಿ ಕಡಲ ಬಳಿಯ ಹಳೆಯ ಗುಹೆಯೊಂದರಲ್ಲಿ ರಾತ್ರಿ ಉಳಿಯುತ್ತದೆ. ಕಗ್ಗತ್ತಲೆ ಒಂದು ಪ್ರಾಣಿಯ ಹಾಗೆ ಉಸಿರಾಡುತ್ತಿದೆಯೆಂದು ಶಚೀಶನಿಗೆ ಅನಿಸುತ್ತದೆ. ಅರೆನಿದ್ದೆಯಲ್ಲಿ ಕಾಲಿಗೆ ಏನೋ ಮೆತ್ತಗೆ ತಬ್ಬಿಕೊಳ್ಳುತ್ತದೆ. ಯಾವುದೋ ಆದಿಮ ಮೃಗವೆಂದು ಬೆಚ್ಚಿ ಜಾಡಿಸಿ ಒದೆಯುತ್ತಾನೆ. ಕತ್ತಲಲ್ಲಿ ಬಂದು ಹೋದದ್ದು ದಾಮಿನಿ. ಒದೆ ಬಿದ್ದದ್ದು ಅವಳ ಎದೆಗೆ. ಮುಂದೆ ಅವಳು ಕಥೆ ಹೇಳುವ ಶ್ರೀವಿಲಾಸನನ್ನು ಮದುವೆಯಾಗುತ್ತಾಳೆ, ವಿಧವೆಯ ಮದುವೆಗೆ ಊರು ಏನನ್ನುತ್ತದೋ ಅದನ್ನೆಲ್ಲ ಅನ್ನಿಸಿಕೊಳ್ಳುತ್ತಾಳೆ, ಆ ಎದೆನೋವಿನಿಂದಲೇ ಸಾಯುತ್ತಾಳೆ. ನೋವನ್ನು ಅವಳು ತನ್ನ ಗುಟ್ಟಿನ ಐಶ್ವರ್ಯದಂತೆ ಇಟ್ಟುಕೊಂಡಿರುತ್ತಾಳೆ. 22ರಲ್ಲಿ ಗುಹೆಯಿಂದ ಹೊರಬಂದ ಸನ್ಯಾಸಿ ಮಗುವನ್ನು ತೊರೆದಿದ್ದ, ಅಷ್ಟೇ. 50 ದಾಟಿದ ಲೇಖಕ ಗುಹೆಯೊಳಗೇ ಹೋಗಿ, ವೈರಾಗ್ಯದ ಕಾಲು ಎಲ್ಲಿಗೆ ತಾಗುತ್ತದೆ ಎಂದು ಬೆರಳಿಟ್ಟು ತೋರಿಸಿದ್ದಾರೆ. ಇಷ್ಟಾದರೂ ಶಚೀಶ ಠಕ್ಕನಲ್ಲ. ಗುರುವನ್ನೂ ಬಿಟ್ಟು ಒಂಟಿಯಾಗಿ ಅವನು ನಡೆಸುವ ಹುಡುಕಾಟಕ್ಕೆ ಕಾದಂಬರಿ ಮರ್ಯಾದೆ ಕೊಡುತ್ತದೆ, ಅವನ ದರ್ಶನವನ್ನು ಸುಳ್ಳೆನ್ನುವುದಿಲ್ಲ. ಅದರ ಖರ್ಚು ಯಾರ ಲೆಕ್ಕಕ್ಕೆ ಹೋಯಿತು ಎಂಬುದನ್ನು ಮಾತ್ರ ಮುಚ್ಚಿಡುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳಲೇಬೇಕು. ಗಂಡಸಿಗೆ ಜ್ಞಾನೋದಯವಾಗಲು ಪ್ರತಿ ಸಲವೂ ಹೆಣ್ಣೇ ಏಕೆ ಸಾಯಬೇಕು? ಕಾರವಾರದ ನಾಟಕದ ಮಟ್ಟಿಗೆ ಇದಕ್ಕೆ ಉತ್ತರವಿಲ್ಲ. ಆ ಹುಡುಗಿಗೆ ಸನ್ಯಾಸಿಯ ಪಾಠದಾಚೆ ಬದುಕೇ ಇಲ್ಲ. ಅಪರ್ಣಾ ಬದುಕಿ ಉಳಿಯುತ್ತಾಳೆ, ನೆಲೆ ಕಳೆದುಕೊಂಡ ಅರ್ಚಕನನ್ನು ಅಪ್ಪಾ ಎಂದು ಕರೆದು ಗುಡಿಯಿಂದ ಆಚೆ ಕರೆದೊಯ್ಯುವವಳು ಅವಳೇ. ದಾಮಿನಿಯಂತೂ ಯಾರ ಪಾಠಕ್ಕೂ ಸಿಗುವುದಿಲ್ಲ. ಪುಸ್ತಕ ಮುಚ್ಚಿದ ಮೇಲೆ ನೆನಪಿನಲ್ಲಿ ಉಳಿಯುವುದು ಶಚೀಶನ ಮುಕ್ತಿಗಿಂತ ಅವಳ ಮಾತು. ಆದರೂ ಅವಳು ಸಾಯುತ್ತಾಳೆ ಎಂಬುದು ನಿಜ, ಆಕ್ಷೇಪದ ಮೊನೆ ಪೂರ್ತಿ ಮುರಿಯುವುದಿಲ್ಲ.

ಇನ್ನೊಂದು ಆಕ್ಷೇಪ ಹಾಡುಗಳ ಕಡೆಯಿಂದ ಬರುತ್ತದೆ. ರವೀಂದ್ರರ ಹಾಡುಗಳು ಎರಡು ಸಾವಿರಕ್ಕೂ ಮಿಕ್ಕಿ ಇವೆ. ಅವನ್ನು ಸೇರಿಸಿದ ‘ಗೀತಬಿತಾನ್’ನಲ್ಲಿ ‘ಪೂಜಾ’ ಎಂಬ ವಿಭಾಗವೇ ಎಲ್ಲಕ್ಕಿಂತ ದೊಡ್ಡದು, 600ಕ್ಕೂ ಹೆಚ್ಚು ಹಾಡುಗಳು. ಬಂಗಾಳಿಗಳು ಸಾವಿನ ಮನೆಯಲ್ಲಿ, ಮದುವೆಯ ಮನೆಯಲ್ಲಿ ನಂಬಿಕೊಂಡಿರುವುದು ಅವನ್ನೇ. ಕಾದಂಬರಿಯೇ ನಿಜವಾದ ಅಧ್ಯಾತ್ಮವೆಂದರೆ ಇವುಗಳ ಗತಿಯೇನು? ನಾನು ತೆಳುವೆಂದದ್ದು ಭಾಷಣಗಳನ್ನು, ಹಾಡುಗಳನ್ನಲ್ಲ. ಹಾಡುಗಳ ವಿಷಯದಲ್ಲಿ ಗಮನಿಸಬೇಕಾದ್ದು ಆ ವಿಭಾಗಗಳ ನಡುವಿನ ಗೋಡೆ ಎಷ್ಟು ಕುಸಿದಿದೆ ಎಂಬುದು. ‘ಪೂಜಾ’, ‘ಪ್ರೇಮ’, ‘ಪ್ರಕೃತಿ’ ಎಂದು ಕವಿಯೇ ಹಂಚಿದ್ದರೂ, ಒಂದು ಹಾಡನ್ನು ಪುಟ ನೋಡದೆ ಕೇಳಿದವರಿಗೆ ಅದು ಯಾವ ಕಡೆಯದೆಂದು ಹೇಳುವುದು ಕಷ್ಟ. ಮಳೆಯ ರಾತ್ರಿ ಬಾಗಿಲ ಬಳಿ ಕಾಯುವವಳು ಕಾಯುವುದು ದೇವರಿಗೋ ಗೆಳೆಯನಿಗೋ ಎಂಬುದನ್ನು ರಾಗವೂ ಬಿಟ್ಟುಕೊಡುವುದಿಲ್ಲ. ವೈಷ್ಣವ ಪದಾವಳಿಯಿಂದ ಕಲಿತ ಸೊಗಸು ಇದು. ಆದರೆ ವೈಷ್ಣವ ಕವಿಗೆ ರಾಧೆ ಯಾರು ಕೃಷ್ಣ ಯಾರು ಎಂಬುದು ಮೊದಲೇ ಗೊತ್ತು. ರವೀಂದ್ರರು ಹೆಸರುಗಳನ್ನು ತೆಗೆದು ಕಾಯುವಿಕೆಯೊಂದನ್ನೇ ಉಳಿಸಿದರು. ಬೇರೆ ಕಪಾಟು ಬೇಡವೆಂಬುದಕ್ಕೆ ಹಾಡುಗಳೇ ಸಾಕ್ಷಿ.

ಜಮೀನ್ದಾರಿ ಮನೆಯಲ್ಲಿ ಹುಟ್ಟಿದವರಿಗೆ ಲೋಕವೇ ಸಾಧನೆ ಎನ್ನುವುದು ಸುಲಭ ಎಂಬ ಮಾತೂ ಇದೆ. ತಳ್ಳಿಹಾಕುವ ಮಾತಲ್ಲ. ತಮ್ಮ ಜಮೀನ್ದಾರಿಯ ಪತಿಸರದಲ್ಲಿ ರೈತರಿಗಾಗಿ ಕೃಷಿ ಬ್ಯಾಂಕು ತೆರೆದು ನೊಬೆಲ್ ಹಣವನ್ನು ಅದರಲ್ಲಿಟ್ಟದ್ದನ್ನೂ, 1922ರಲ್ಲಿ ಹಳ್ಳಿಗಳ ಪುನರುಜ್ಜೀವನಕ್ಕೆಂದು ಶ್ರೀನಿಕೇತನ ಶುರುಮಾಡಿದ್ದನ್ನೂ ಹೇಳಬಹುದು. ಹೇಳಿದರೂ ಅಂತರ ಅಂತರವೇ. ಅದನ್ನು ಅವರೂ ಬಲ್ಲರು. ಸಾಯುವ ವರ್ಷದ ‘ಜನ್ಮದಿನೇ’ ಸಂಕಲನದ ಒಂದು ಕವಿತೆಯಲ್ಲಿ, ಉಳುವವರ, ನೇಯುವವರ ಅಂಗಳದ ಅಂಚಿನವರೆಗೆ ಹೋಗಿ ಒಳಗೆ ಕಾಲಿಡಲಾರದೆ ಬಂದೆನೆಂದು ಒಪ್ಪಿಕೊಂಡು, ಅಲ್ಲಿಂದಲೇ ಬರುವ ಕವಿಗಾಗಿ ಕಾದಿದ್ದೇನೆ ಎನ್ನುತ್ತಾರೆ.

ಅವರ ಆನಂದ ಅಗ್ಗದ್ದು ಎಂಬ ಆರೋಪವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಾರವಾದದ್ದು. ‘ಸಾಧನಾ’ ಮಾತ್ರ ಓದಿದರೆ ಆ ಆರೋಪ ನಿಲ್ಲುತ್ತದೆ. ಬದುಕಿನ ಲೆಕ್ಕ ಬೇರೆ: 1902ರಲ್ಲಿ ಹೆಂಡತಿ ಮೃಣಾಲಿನಿ, ಮರುವರ್ಷ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಕಿರಿಯ ಮಗ ಶಮೀಂದ್ರ. ಮುಂಗೇರಿನಲ್ಲಿ ಕಾಲರಾಕ್ಕೆ ತುತ್ತಾದಾಗ ಹುಡುಗನಿಗೆ ಇನ್ನೂ 11 ತುಂಬಿರಲಿಲ್ಲ. ಸಾವುಗಳ ಪಟ್ಟಿ ಕೊಟ್ಟು ಕವಿತೆಗೆ ತೂಕ ಕಟ್ಟುವುದು ನ್ಯಾಯವಲ್ಲ, ಕೃತಿಯನ್ನೇ ನೋಡಬೇಕು. ನಾಲ್ಕು ವರ್ಷದ ನಂತರ ಬರೆದ ‘ಡಾಕ್‌ಘರ್’ ನಾಟಕದಲ್ಲಿ ಕಾಯಿಲೆಯ ಹುಡುಗ ಅಮಲನನ್ನು ವೈದ್ಯರು ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಅದೂ ಒಂದು ಗುಹೆಯೇ, ಕಿಟಕಿಯಿರುವ ಗುಹೆ. ಬೀದಿಯಲ್ಲಿ ಹೋಗುವ ಮೊಸರು ಮಾರುವವನನ್ನು ಕರೆದು, ಆ ಕೂಗನ್ನು ತನಗೆ ಕಲಿಸಬೇಕೆನ್ನುತ್ತಾನೆ ಹುಡುಗ. ವ್ಯಾಪಾರ ಕೆಡುತ್ತದೆಂದು ಗೊಣಗುತ್ತ ನಿಂತವನು, ಮೊಸರು ಮಾರುವುದರಲ್ಲಿ ಇಷ್ಟು ಸುಖವಿದೆಯೆಂದು ಕಲಿತುಕೊಂಡು ಹೊರಡುತ್ತಾನೆ. ರಾಜನ ಓಲೆಗೆ ಕಾಯುತ್ತಲೇ ಅಮಲ ಕಣ್ಣು ಮುಚ್ಚುತ್ತಾನೆ. 1942ರ ಜುಲೈ 18ರಂದು, ನಾಜಿಗಳು ಗೋಡೆ ಕಟ್ಟಿ ಮುಚ್ಚಿದ ವಾರ್ಸಾದ ಯಹೂದಿ ಕೇರಿಯಲ್ಲಿ, ಯಾನುಷ್ ಕೋರ್ಚಾಕ್ ನಡೆಸುತ್ತಿದ್ದ ಅನಾಥಾಲಯದ ಮಕ್ಕಳು ಈ ನಾಟಕವನ್ನು ಆಡಿದರು. ಮೂರು ವಾರದೊಳಗೆ ಕೋರ್ಚಾಕರನ್ನೂ ಆ ಮಕ್ಕಳನ್ನೂ ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ಅವರಿಗೆ ಬೇಕಾಗಿದ್ದದ್ದು ಕೇಡು ಕರಗಿಹೋಗುತ್ತದೆಂಬ ಭರವಸೆಯಾಗಿದ್ದರೆ ಈ ನಾಟಕದಲ್ಲಿ ಅದಿಲ್ಲ. ಸಾಯುವ ಹುಡುಗನೊಬ್ಬ ಬೀದಿಯ ಕಡೆಗೆ ತೆರೆದ ಕಿಟಕಿಯಲ್ಲಿ ಕುಳಿತಿರುವುದಷ್ಟೇ ಇದೆ.

ಪ್ರಕೃತಿಯನ್ನು ಅವರು ಕಡೆಗಾಲದಲ್ಲಿ ಮುದ್ದಿಸುವುದನ್ನು ಬಿಟ್ಟರು. 1934ರ ಜನವರಿಯಲ್ಲಿ ಬಿಹಾರದ ಭೂಕಂಪವನ್ನು ಅಸ್ಪೃಶ್ಯತೆಯ ಪಾಪಕ್ಕೆ ಶಿಕ್ಷೆಯೆಂದು ಗಾಂಧೀಜಿ ಹೇಳಿದಾಗ, ಅಸ್ಪೃಶ್ಯತೆಯನ್ನು ಅಷ್ಟೇ ದ್ವೇಷಿಸುತ್ತಿದ್ದ ರವೀಂದ್ರರು ಬಹಿರಂಗವಾಗಿಯೇ ವಿರೋಧಿಸಿದರು. ನೆಲ ನಡುಗುವುದಕ್ಕೂ ಮನುಷ್ಯರ ನೀತಿಗೂ ಗಂಟು ಹಾಕಬಾರದು ಎಂಬುದು ಅವರ ವಾದ. ನಾಲ್ಕು ವರ್ಷ ಹಿಂದೆ ಐನ್‌ಸ್ಟೈನ್ ಎದುರು, ಮನುಷ್ಯನ ಅರಿವಿನಿಂದ ಹೊರತಾದ ಸತ್ಯವೇ ಇಲ್ಲವೆಂದು ವಾದಿಸಿದವರೂ ಇವರೇ. ಎರಡೂ ಮಾತು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಅದನ್ನು ಕೂರಿಸುವ ಪ್ರಯತ್ನವನ್ನು ಅವರು ಭಾಷಣದಲ್ಲಿ ಮುಂದುವರಿಸಲಿಲ್ಲ. 1937ರಲ್ಲಿ ಎಚ್ಚರ ತಪ್ಪಿ ಸಾವಿನ ಹತ್ತಿರ ಹೋಗಿ ಬಂದ ಮೇಲೆ ‘ಪ್ರಾಂತಿಕ’, ಆಮೇಲೆ ‘ರೋಗಶಯ್ಯಾಯ್’, ‘ಆರೋಗ್ಯ’ ಹೀಗೆ ಕವಿತೆಗಳಲ್ಲೇ ಒದ್ದಾಡಿದರು. ಪ್ರಾಸ ಉದುರಿತು, ‘ಗೀತಾಂಜಲಿ’ಯ ಗೆಳೆಯನಂಥ ದೇವರು ಅಪರೂಪವಾದ. 1941ರ ಜುಲೈ 30ರ ಬೆಳಿಗ್ಗೆ, ಜೋಡಾಸಾಂಕೋದ ಮನೆಯಲ್ಲಿ, ಶಸ್ತ್ರಚಿಕಿತ್ಸೆಗೆ ಸ್ವಲ್ಪ ಮುಂಚೆ, ಕೈಯಲ್ಲಿ ಬರೆಯಲಾಗದೆ ಅವರು ಕೊನೆಯ ಕವಿತೆಯನ್ನು ಹೇಳಿ ಬರೆಸಿದರು. 22ರ ಹುಡುಗನ ನಾಟಕದಲ್ಲಿ ಸೇಡು ತೀರಿಸಿಕೊಂಡವಳೇ ಅಲ್ಲಿ ಮತ್ತೆ ಎದುರಿಗಿದ್ದಾಳೆ. ಸೃಷ್ಟಿಯ ದಾರಿಯುದ್ದಕ್ಕೂ ಬಗೆಬಗೆಯ ಬಲೆ ಹರಡಿಟ್ಟ ವಂಚಕಿಯೆಂದು ಅವಳನ್ನು ಕರೆಯುತ್ತಾರೆ. ಆ ವಂಚನೆಯನ್ನು ಗೊಣಗದೆ ಸಹಿಸಿದವನಿಗೆ ಅವಳ ಕೈಯಿಂದಲೇ ಏನೋ ದಕ್ಕುತ್ತದೆ ಎಂದು ಕವಿತೆ ನಿಲ್ಲುತ್ತದೆ. ಬರೆಸಿದ್ದನ್ನು ಆಮೇಲೆ ತಿದ್ದಬೇಕೆಂದಿದ್ದರು. ಆಗಸ್ಟ್ 7ಕ್ಕೆ ತೀರಿಕೊಂಡರು. ತಿದ್ದಿರಲಿಲ್ಲ.